80 ಸೆಕೆಂಡಿನ ಫಿಸಿಕ್ಸು

ಮೊನ್ನೆ ರಜೆಗೆ ಧಾರವಾಡಕ್ಕೆ ಹೋಗಿದ್ದೆ. ನಮ್ಮ ಚಿಗವ್ವನ ಮಗ ಸೆಕೆಂಡ್ ಪಿಯುಸಿ. ಹಗಲೆಲ್ಲ ಕಾಲೇಜು, ಸಂಜೆ ಸಪ್ತಾಪುರದಲ್ಲಿ ಟ್ಯೂಷನ್ನು. 'ಅಣ್ಣಾ, ಫಿಸಿಕ್ಸಿನ್ಯಾಗ ಬೇಕಾದ್ದು ಕೇಳು' ಅಂದ. ಎರಡು ಲೋಹದ ಸರಳು ಜೋಡಿಸಿ ಒಂದು ತುದಿ 100 ಡಿಗ್ರಿ, ಇನ್ನೊಂದು ತುದಿ ಸೊನ್ನೆ ಡಿಗ್ರಿ ಇಟ್ಟರೆ ಜೋಡಿಸಿದ ಜಾಗದ ಉಷ್ಣತೆ ಎಷ್ಟು ಅಂತ ಲೆಕ್ಕ ಕೊಟ್ಟೆ. ಅರ್ಧ ನಿಮಿಷದಲ್ಲಿ ಉತ್ತರ ಬಂತು. ಕಲ್ಲನ್ನು ನೀರಲ್ಲಿ ಮುಳುಗಿಸಿದರೆ ತೂಕ ಎಷ್ಟು ಕಮ್ಮಿಯಾಗುತ್ತೆ? ಅದೂ ಸರಿ.

ಆಮೇಲೆ ಪೆನ್ನು ಕಸಿದುಕೊಂಡು ಕೇಳಿದೆ. ಉಣಕಲ್ ಕೆರೆಯಲ್ಲಿ ಒಂದು ದೋಣಿ, ದೋಣಿಯೊಳಗೊಂದು ಕಲ್ಲು. ಆ ಕಲ್ಲನ್ನು ಎತ್ತಿ ಕೆರೆಗೆ ಎಸೆದರೆ ಕೆರೆಯ ನೀರಿನ ಮಟ್ಟ ಏರುತ್ತೋ, ಇಳಿಯುತ್ತೋ?

'ಆಪ್ಶನ್ ಏನೇನ್ ಅದಾವ ಅಣ್ಣಾ?'

ನಗು ಬಂತು, ಆಮೇಲೆ ಸಿಟ್ಟು ಬಂತು. ಅವನ ಮೇಲಲ್ಲ. ನಮ್ಮ ಸಿಇಟಿಯಲ್ಲಿ ಫಿಸಿಕ್ಸಿಗೆ 60 ಪ್ರಶ್ನೆ, 80 ನಿಮಿಷ. ಅಂದರೆ ಒಂದು ಪ್ರಶ್ನೆಗೆ 80 ಸೆಕೆಂಡು. ಯೋಚನೆ ಮಾಡಿದವನು ಹಿಂದೆ ಬೀಳುತ್ತಾನೆ. ಇದೇ ದೋಣಿ-ಕಲ್ಲಿನ ಪ್ರಶ್ನೆಗೆ ಗ್ಯಾಮೋವ್, ಒಪ್ಪೆನ್‌ಹೈಮರ್, ಫೆಲಿಕ್ಸ್ ಬ್ಲಾಕ್ ಮೂವರೂ ತಪ್ಪು ಉತ್ತರ ಹೇಳಿದ್ದರಂತೆ. ಜೆರ್ಲ್ ವಾಕರ್ ತಮ್ಮ 'ಫ್ಲೈಯಿಂಗ್ ಸರ್ಕಸ್ ಆಫ್ ಫಿಸಿಕ್ಸ್' ಪುಸ್ತಕದಲ್ಲಿ ಬರೆದಿದ್ದಾರೆ. ಬ್ಲಾಕ್‌ಗೆ 1952ರಲ್ಲಿ ನೊಬೆಲ್ ಬಂದಿತ್ತು, ನೆನಪಿರಲಿ. ನಮ್ಮ ಹುಡುಗ ಮಾತ್ರ 80 ಸೆಕೆಂಡಿನಲ್ಲಿ ಗುಂಡು ತುಂಬಬೇಕು!

ಉತ್ತರ ಕಷ್ಟದ್ದಲ್ಲ. 20 ಕಿಲೋ ಕಲ್ಲು ದೋಣಿಯಲ್ಲಿದ್ದಾಗ ತನ್ನ ತೂಕದಷ್ಟು, ಅಂದರೆ 20 ಲೀಟರ್ ನೀರನ್ನು ತಳ್ಳುತ್ತೆ. ತಳ ಸೇರಿದ ಮೇಲೆ ತನ್ನ ಗಾತ್ರದಷ್ಟೇ. ಕಲ್ಲು ನೀರಿಗಿಂತ ಎರಡೂವರೆ ಪಟ್ಟು ಸಾಂದ್ರ ಅಂದುಕೊಂಡರೆ ಬರೀ 8 ಲೀಟರ್. ಹಾಗಾಗಿ ಮಟ್ಟ ಇಳಿಯುತ್ತೆ. ಆರ್ಕಿಮಿಡೀಸ್ ತತ್ವ ಅವನಿಗೆ ಬಾಯಿಪಾಠ ಬರುತ್ತಿತ್ತು, ಆದರೆ ತೇಲುವುದು ಬೇರೆ ಮುಳುಗುವುದು ಬೇರೆ ಅನ್ನುವುದನ್ನು ಯಾರೂ ಅವನಿಂದ ಹೇಳಿಸಿರಲಿಲ್ಲ.

ಇನ್ನು ಶಾಖದ ಕಥೆ. ನವಲಗುಂದದ ಕಡೆ ಅಜ್ಜನದು ಮಣ್ಣಿನ ಮಾಳಿಗೆ ಮನೆ, ಗೋಡೆ ಎರಡಡಿ ದಪ್ಪ. ಮೇ ತಿಂಗಳ ಮಧ್ಯಾಹ್ನವೂ ಒಳಗೆ ತಂಪು. ಯಾಕೆ? 'ಮಣ್ಣಿಂದು ಕೆ ಕಮ್ಮಿ ಐತಿ.' ಪೂರ್ತಿ ತಪ್ಪಲ್ಲ. ಆದರೆ ಅವನು ಬಿಡಿಸಿದ ಸೂತ್ರ ನಡೆಯೋದು ಎರಡೂ ಕಡೆಯ ಉಷ್ಣತೆ ಬದಲಾಗದೆ ನಿಂತಾಗ. ಸೂರ್ಯ ಎಲ್ಲಿ ನಿಲ್ಲುತ್ತಾನೆ? ಎರಡಡಿ ಮಣ್ಣು ಮೊದಲು ತಾನು ಕಾಯಬೇಕು, ಮಧ್ಯಾಹ್ನದ ಬಿಸಿ ಒಳಗೆ ಮುಟ್ಟೋ ಹೊತ್ತಿಗೆ ರಾತ್ರಿ ದಾಟಿರುತ್ತೆ, ಅದೂ ಬಹಳಷ್ಟು ಸೋತು. ಇದು ಯಾವ ಗೈಡಿನ 'ಸಾಲ್ವ್ಡ್ ಎಕ್ಸಾಂಪಲ್'ನಲ್ಲೂ ನಾನು ಓದಿದ್ದಲ್ಲ.

'ನಾವೂ ಹೀಗೇ ಓದಿ ಇಂಜಿನಿಯರ್ ಆಗ್ಲಿಲ್ವಾ?' ಅಂತ ನಿಮ್ಮಲ್ಲಿ ಕೆಲವರು ಕೇಳ್ತೀರಿ, ಗೊತ್ತು. ಆದ್ವಿ ಸ್ವಾಮಿ. ನನಗೂ ಪಿಯುಸಿ ಫಿಸಿಕ್ಸಿನಲ್ಲಿ ತೊಂಬತ್ತರ ಮೇಲೆ ಬಂದಿತ್ತು. ದೋಣಿಯ ಪ್ರಶ್ನೆಗೆ ನಾನು ಮೊದಲ ಸಲ ಕೊಟ್ಟ ಉತ್ತರವೂ 'ಏರುತ್ತೆ'. ಆಗ ನನಗೆ 26, ಕೈಯಲ್ಲಿ ಬಿಇ ಸರ್ಟಿಫಿಕೇಟು. ಇವತ್ತಿಗೂ ಆಫೀಸಲ್ಲಿ ಕೋಡ್ ಮುರಿದರೆ ಯಾಕೆ ಮುರಿಯಿತು ಅಂತ ನೋಡುವ ಮುಂಚೆ ಎಲ್ಲಿಂದ ಕಾಪಿ ಮಾಡಲಿ ಅಂತ ಹುಡುಕೋ ಜನ ನಾವು. ಆ ಚಟ ಹತ್ತಿದ್ದು ಎಲ್ಲಿ ಅಂತ ಬೇರೆ ಹೇಳಬೇಕಾ?

ತಮ್ಮನಿಗೆ ಒಂದು ಲೆಕ್ಕ ಬಿಟ್ಟು ಬಂದಿದ್ದೀನಿ, ಆಪ್ಶನ್ ಇಲ್ಲದ್ದು. ಅವರ ಹೊಸ ಮನೆಯ ಕಾಂಕ್ರೀಟ್ ಸ್ಲ್ಯಾಬು ಬಿಸಿಲು ಹೋದ ಮೇಲೆ, ಸಂಜೆ ಏಳಕ್ಕೆ, ಯಾಕೆ ಹಂಚಿನಂತೆ ಕಾದಿರುತ್ತೆ? ವಾರ ಆಯ್ತು, ಇನ್ನೂ ಫೋನ್ ಬಂದಿಲ್ಲ. ಉತ್ತರ ಹೇಳಿಕೊಡಬೇಡಿ ಅಂತ ಚಿಗವ್ವನಿಗೂ ತಾಕೀತು ಮಾಡಿದ್ದೀನಿ.