ಮಗುವಿನ ಕುದುರೆಗೆ ಮರಿ ಬೇಕೇ?

ಹೊಳೆನರಸೀಪುರದ ಬಳಿ ತೋಟ ಮಾಡಿಕೊಂಡಿರುವ ಗೃಹಸ್ಥರೊಬ್ಬರು, ಹಿಂದೆ ನಮ್ಮಲ್ಲಿ ಸಂಸ್ಕೃತ ಓದಿದವರು, ಕಳೆದ ತಿಂಗಳು ನಮ್ಮ ಮನೆಗೆ ಬಂದು ಒಂದು ಸಂದೇಹವನ್ನು ಮುಂದಿಟ್ಟರು. ಅವರ ಮಗಳಿಗೆ ಆರು ವರ್ಷವಾಗಿದ್ದಾಗ ಒಂದು ಹೆಣ್ಣು ತಟ್ಟುಕುದುರೆಯನ್ನು ಕೊಂಡು ತಂದಿದ್ದರು. ಈಗ ಹುಡುಗಿಗೆ ಹದಿಮೂರು, ಕುದುರೆಗೆ ಹದಿನಾಲ್ಕು. ಹತ್ತಿ ಕುಳಿತರೆ ಅವಳ ಪಾದಗಳು ನೆಲವನ್ನು ಮುಟ್ಟುವಂತಾಗಿವೆ.

“ಮಾರುವುದಕ್ಕೆ ಮನಸ್ಸಿಲ್ಲ ಮೇಷ್ಟ್ರೇ, ಸುಮ್ಮನೆ ಕಟ್ಟಿಹಾಕುವುದಕ್ಕೂ ಸಂಕಟ. ಒಂದು ಮರಿಯನ್ನಾದರೂ ಪಡೆಯೋಣವೆಂದಿದ್ದೇನೆ. ಸುಳಿಗಳೆಲ್ಲ ಚೆನ್ನಾಗಿವೆ. ತಾವು ಏನು ಹೇಳುತ್ತೀರಿ?” ಎಂದರು.

ಸುಳಿಯ ಮಾತು ಹಳೆಯದೇ. ಶಾಲಿಹೋತ್ರನ ಹೆಸರಿನಲ್ಲಿ ಬೆಳೆದು ಬಂದ ಅಶ್ವಶಾಸ್ತ್ರವು ಆವರ್ತಗಳ ಶುಭಾಶುಭಗಳನ್ನು ವಿಸ್ತಾರವಾಗಿ ಹೇಳುತ್ತದೆ. ಆದರೆ ವಿರಾಟನ ಲಾಯದಲ್ಲಿ ಗ್ರಂಥಿಕನೆಂಬ ಹೆಸರಿನಿಂದಿದ್ದ ನಕುಲನು ಕುದುರೆಗಳ ಸ್ವಭಾವವನ್ನೂ, ಪಳಗಿಸುವ ಬಗೆಯನ್ನೂ, ಚಿಕಿತ್ಸೆಯನ್ನೂ ಬಲ್ಲೆನೆಂದು ಹೇಳಿಕೊಂಡೇ ಆ ಕೆಲಸವನ್ನು ಪಡೆದವನು. ಸುಳಿಯು ಗೊರಸಿನ ದೋಷವನ್ನು ತಿಳಿಸದು. ತಾಯಿಯ ದೋಷವಾದರೋ ಮರಿಗೆ ಬರಬಹುದು.

ನಮ್ಮ ಚನ್ನರಾಯಪಟ್ಟಣ, ಅರಕಲಗೂಡು ಸೀಮೆಗಳ ಜನರಿಗೆ ದನದ ವಿಷಯವನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಹಸುವಿನ ಲೆಕ್ಕವನ್ನು ಕುದುರೆಗೆ ಹಚ್ಚಿದರೆ ಮೋಸಹೋಗುತ್ತೇವೆ. ಹಸುವಿನ ಗರ್ಭ ಒಂಬತ್ತು ತಿಂಗಳು ಚಿಲ್ಲರೆಯಾದರೆ ಕುದುರೆಯದು ಸುಮಾರು ಹನ್ನೊಂದು. ಹಸುವಿನ ಮಾಸು ಅರ್ಧ ದಿನ ತಡವಾದರೂ ನಾವು ಕಾಯುತ್ತೇವೆ; ಕುದುರೆಯ ಮಾಸು ಮೂರು ಗಂಟೆಯೊಳಗೆ ಬೀಳದಿದ್ದರೆ ವೈದ್ಯರನ್ನು ಕರೆಯಲೇಬೇಕು, ಇಲ್ಲವಾದರೆ ನಂಜೇರಿ ಗೊರಸುಗಳೂ ಕೆಡುವ ಭಯವುಂಟು. ಮರಿಯು ಒಂದು ಗಂಟೆಯೊಳಗೆ ಎದ್ದು ನಿಂತು, ಎರಡು ಗಂಟೆಯೊಳಗೆ ಗಿಣ್ಣುಹಾಲನ್ನು ಕುಡಿಯಬೇಕು. ರೋಗವನ್ನು ತಡೆಯುವ ಶಕ್ತಿ ಅದಕ್ಕೆ ಆ ಹಾಲಿನಿಂದಲೇ ಬರತಕ್ಕದ್ದು. ಹೆರಿಗೆಯು ಬಹುಮಟ್ಟಿಗೆ ರಾತ್ರಿಯಲ್ಲೇ ಆಗುವುದು. ಅದರ ಮೇಲೆ, ಹದಿನಾಲ್ಕರ ಪ್ರಾಯದಲ್ಲಿ ಚೊಚ್ಚಲ ಬಸಿರೆಂದರೆ ಗರ್ಭ ನಿಲ್ಲುವುದೂ ಕಷ್ಟ, ಅಪಾಯವೂ ಹೆಚ್ಚು.

“ದೊಡ್ಡ ಗಂಡುಕುದುರೆಯನ್ನು ಕೂಡಿಸಿದರೆ ಮಗಳು ಹತ್ತುವಷ್ಟು ಎತ್ತರದ ಮರಿ ಹುಟ್ಟಲಾರದೇ?” ಎಂದು ಅವರು ಕೇಳಿದರು. ೧೯೩೮ರಲ್ಲಿ ವಾಲ್ಟನ್ ಮತ್ತು ಹ್ಯಾಮಂಡ್ ಎಂಬ ಇಂಗ್ಲೆಂಡಿನ ವಿದ್ವಾಂಸರು ಷೈರ್ ಎಂಬ ಭಾರಿ ಕುದುರೆಗೂ ಷೆಟ್ಲೆಂಡ್ ಎಂಬ ಗಿಡ್ಡ ಕುದುರೆಗೂ ಬೆರಕೆ ಮಾಡಿಸಿ ನೋಡಿದುದನ್ನು ಪ್ರಕಟಿಸಿದರು. ತಾಯಿ ಗಿಡ್ಡವಾದರೆ ಹುಟ್ಟಿದ ಮರಿಯೂ ಗಿಡ್ಡವಾಗಿಯೇ ಇತ್ತು; ಬೆಳೆದ ಮೇಲೂ ಆ ಅಂತರ ಪೂರ್ತಿಯಾಗಿ ಅಳಿಯಲಿಲ್ಲ. ತಾಯಿಯ ಒಡಲೇ ಮರಿಗೆ ಮೊದಲ ಅಳತೆಗೋಲು. ಇನ್ನು ಗಂಡುಕುದುರೆಯಾದರೂ ಎಲ್ಲಿಯದು? ಬೆಂಗಳೂರಿನ ದಾರಿಯಲ್ಲಿ ಸಿಕ್ಕುವ ಕುಣಿಗಲ್ಲಿನ ಪ್ರಸಿದ್ಧ ಫಾರಮ್ಮು ಪಂದ್ಯದ ಕುದುರೆಗಳಿಗೆ ಹೆಸರಾದುದು. ಮಕ್ಕಳ ತಟ್ಟುವಿಗೆ ಆ ಜಾತಿಯಲ್ಲ.

ಇವೆಲ್ಲಕ್ಕಿಂತ ದೊಡ್ಡ ಪ್ರಶ್ನೆ ಬೇರೊಂದಿದೆ. ಕುದುರೆಯ ಆಯುಷ್ಯ ಇಪ್ಪತ್ತೈದು ವರ್ಷವೆಂದರೆ ಹೆಚ್ಚಲ್ಲ. ಒಂದಾನೊಂದು ಕಾಲದಲ್ಲಿ ಜಟಕಾಗಾಡಿಗಾದರೂ ಕುದುರೆ ಬೇಕಾಗಿತ್ತು. ೨೦೧೨ರ ಜಾನುವಾರು ಗಣತಿಯಲ್ಲಿ ಭಾರತದಲ್ಲಿ ಸುಮಾರು ೬.೨೫ ಲಕ್ಷ ಕುದುರೆ ತಟ್ಟುಗಳಿದ್ದರೆ, ೨೦೧೯ರಲ್ಲಿ ಉಳಿದವು ಸುಮಾರು ೩.೪ ಲಕ್ಷ. ಕೆಲಸ ಹೋದಂತೆ ಕುದುರೆಯೂ ಹೋಯಿತು. ಕೊಳ್ಳುವವರಾಗಲಿ ಪಳಗಿಸುವವರಾಗಲಿ ಸುಲಭವಾಗಿ ಸಿಕ್ಕದ ಈ ಕಾಲದಲ್ಲಿ ಹುಟ್ಟಿಸಿದ ಮರಿಗೆ ನಾಳೆ ಯಾರು ದಿಕ್ಕು?

ಮುಂದಿನ ಭಾನುವಾರ ನಾವೇ ಅವರ ತೋಟಕ್ಕೆ ಹೋದೆವು. ಹುಡುಗಿ ಕುದುರೆಯ ಮೈ ಉಜ್ಜುತ್ತಿದ್ದಳು. ಮರಿ ಬೇಕೇನಮ್ಮಾ ಎಂದು ಕೇಳಿದೆವು. ಅವಳು ಬೆರಳು ಮಡಿಸಿ ಎಣಿಸಿದಳು.

“ಹುಟ್ಟೋದಕ್ಕೇ ಒಂದು ವರ್ಷ ತಾತ. ಆಮೇಲೆ ನಾಲ್ಕು ವರ್ಷ ಅದರ ಮೇಲೆ ಕೂರುವ ಹಾಗಿಲ್ಲ. ಅಷ್ಟು ಹೊತ್ತಿಗೆ ನನಗೆ ಹದಿನೆಂಟು, ಓದೋದಕ್ಕೆ ಬೇರೆ ಊರಿಗೆ ಹೋಗಿರುತ್ತೇನೆ. ಇವಳಿಗೆ ಏನಾದರೂ ಆದರೆ?”

ತಂದೆ ಮಾತನಾಡಲಿಲ್ಲ. ಮರಿ ಬೇಕಾಗಿದ್ದುದು ಮಗಳಿಗಲ್ಲ, ಅವಳ ಬಾಲ್ಯವನ್ನು ಹಿಡಿದಿಟ್ಟುಕೊಳ್ಳಬೇಕೆಂದಿದ್ದ ತಮಗೇ ಎಂಬುದು ಅವರಿಗೆ ಆಗ ತಿಳಿಯಿತೆಂದು ತೋರುತ್ತದೆ. ಅದನ್ನು ತಪ್ಪೆಂದು ನಾವು ಹೇಳಲಾರೆವು. ಮಕ್ಕಳು ಬೆಳೆದ ಮನೆಯಲ್ಲಿ ಯಾರಿಗೂ ಅದು ಹೊಸದಲ್ಲ. ಆದರೆ ನಮ್ಮ ನೆನಪಿಗಾಗಿ ಮತ್ತೊಂದು ಜೀವವನ್ನು ಹುಟ್ಟಿಸುವುದು ಧರ್ಮವಲ್ಲ.

ಅರಕಲಗೂಡಿನಲ್ಲಿರುವ ಅವರ ತಂಗಿಗೆ ಐದು ವರ್ಷದ ಮಗನಿದ್ದಾನೆ. ಹಾಸನದ ಪಶುವೈದ್ಯ ಕಾಲೇಜಿನಲ್ಲಿ ತೋರಿಸಿ, ಮನುಷ್ಯರಿಗೂ ಅಂಟುವ ಗ್ಲಾಂಡರ್ಸ್ ರೋಗವಿಲ್ಲವೆಂದು ರಕ್ತಪರೀಕ್ಷೆಯಿಂದ ತಿಳಿದುಕೊಂಡು, ಕುದುರೆಯನ್ನು ಅಲ್ಲಿಗೆ ಕಳುಹಿಸುವುದೆಂದು ನಿಶ್ಚಯವಾಗಿದೆ. ಅದು ದಾನವಲ್ಲ, ಎರವಲು. ಮುಪ್ಪಿನಲ್ಲಿ ಅದು ಈ ತೋಟಕ್ಕೇ ಮರಳತಕ್ಕದ್ದು. ಹತ್ತುವುದನ್ನು ಆ ಹುಡುಗನಿಗೆ ಕಲಿಸುವ ಹೊಣೆಯನ್ನು ಅಕ್ಕನೇ ವಹಿಸಿಕೊಂಡಿದ್ದಾಳೆ.