ಹಾರುವ ತಟ್ಟೆಗಳ ಬೆನ್ನು ಹತ್ತಿದವರಿಗೆ ಬೇಕಿರುವುದು ಕಡತ

ಯಲಹಂಕ ಉಪನಗರದ ಮಗ್ಗುಲಲ್ಲಿರುವ ಪುಟ್ಟೇನಹಳ್ಳಿಯಲ್ಲಿ ರಾತ್ರಿ ತಲೆಯೆತ್ತಿ ನೋಡುವವರಿಗೆ ದೀಪಗಳ ಬರವಿಲ್ಲ. ಹತ್ತಿರದಲ್ಲೇ ವಾಯುಪಡೆಯ ನೆಲೆಯಿದೆ. 1996ರಿಂದ ಏರೋ ಇಂಡಿಯಾ ಪ್ರದರ್ಶನ ನಡೆಯುತ್ತಿರುವುದು ಅಲ್ಲಿಯೇ. ಈಶಾನ್ಯಕ್ಕೆ 2008ರಲ್ಲಿ ಆರಂಭವಾದ ದೇವನಹಳ್ಳಿಯ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ. ಇಳಿಯಲು ಬರುವ ವಿಮಾನವೊಂದು ನೋಡುಗನ ಕಡೆಗೇ ಮುಖ ಮಾಡಿದಾಗ ಅದರ ದೀಪ ಕೆಲವು ನಿಮಿಷ ಆಕಾಶದಲ್ಲಿ ನಿಂತಲ್ಲೇ ನಿಂತಂತೆ ಕಾಣುತ್ತದೆ; ತಿರುಗಿದೊಡನೆ ಮಾಯವಾಗುತ್ತದೆ. ಇದಲ್ಲದೆ ಸಮಾರಂಭಗಳಲ್ಲಿ ಹಾರಿಬಿಡುವ ಕಾಗದದ ಲಾಂದ್ರಗಳು, ಡ್ರೋನ್‌ಗಳು, ಸರ ಪೋಣಿಸಿದಂತೆ ಸಾಗುವ ಸ್ಟಾರ್‌ಲಿಂಕ್ ಉಪಗ್ರಹಗಳು. ಬೀದಿದೀಪದ ಬೆಳಕು ಹೊಟ್ಟೆಗೆ ತಗಲಿ ಕ್ಷಣಕಾಲ ಹೊಳೆಯುವ ಕೆರೆಯ ಹಕ್ಕಿಗಳು ಬೇರೆ.

ಇವುಗಳ ನಡುವೆ ‘ಗುರುತಿಸಲಾಗದ ಹಾರುವ ವಸ್ತು’ ಎಂದರೆ ಯಾವುದು? ಆ ಮಾತು ವಸ್ತುವಿನ ಬಗ್ಗೆ ಏನನ್ನೂ ಹೇಳುವುದಿಲ್ಲ, ನೋಡಿದವನಿಗೆ ಅದು ತಿಳಿಯಲಿಲ್ಲ ಎಂಬುದನ್ನಷ್ಟೇ ಹೇಳುತ್ತದೆ. ಮುಕ್ಕಾಲು ಶತಮಾನದ ‘ಹಾರುವ ತಟ್ಟೆ’ ಸಾಹಿತ್ಯದಲ್ಲಿ ಬಹುಪಾಲು ಈ ಸರಳ ವ್ಯತ್ಯಾಸವನ್ನು ಮರೆತು ಬರೆದದ್ದು ಎಂಬುದು ಗಮನಾರ್ಹ.

1947ರ ಜೂನ್ 24ರಂದು ಅಮೆರಿಕದ ಖಾಸಗಿ ಪೈಲಟ್ ಕೆನೆತ್ ಅರ್ನಾಲ್ಡ್ ಮೌಂಟ್ ರೇನಿಯರ್ ಬಳಿ ಒಂಬತ್ತು ಹೊಳೆಯುವ ವಸ್ತುಗಳನ್ನು ಕಂಡುದಾಗಿ ಹೇಳಿದಾಗ, ‘ಹಾರುವ ತಟ್ಟೆ’ ಎಂಬ ಹೆಸರನ್ನು ಹುಟ್ಟುಹಾಕಿದ್ದು ಪತ್ರಿಕೆಗಳು. ಮುಂದೆ ಅಮೆರಿಕದ ವಾಯುಪಡೆಯೇ ‘ಪ್ರಾಜೆಕ್ಟ್ ಬ್ಲೂ ಬುಕ್’ ಹೆಸರಿನಲ್ಲಿ ತನಿಖೆ ನಡೆಸಿತು. 1969ರಲ್ಲಿ ಅದನ್ನು ಮುಚ್ಚಿದಾಗ ಕಡತದಲ್ಲಿದ್ದ 12,618 ವರದಿಗಳ ಪೈಕಿ 701ಕ್ಕೆ ವಿವರಣೆ ಸಿಕ್ಕಿರಲಿಲ್ಲ. ನಂಬುವವರು ಇಂದಿಗೂ ಆ 701ನ್ನು ಎತ್ತಿ ತೋರಿಸುತ್ತಾರೆ, ನಂಬದವರು ಉಳಿದ 11,917ನ್ನು. ಯೋಜನೆಯ ಸಲಹೆಗಾರರಾಗಿದ್ದ ಖಗೋಳಜ್ಞ ಅಲೆನ್ ಹೈನೆಕ್ ಮಾತ್ರ ಮೂರನೆಯ ದಾರಿ ಹಿಡಿದರು. ಆರಂಭದಲ್ಲಿ ಸಂಶಯವಾದಿಯಾಗಿದ್ದ ಅವರು 1972ರ ತಮ್ಮ ಪುಸ್ತಕದಲ್ಲಿ ವರದಿಗಳನ್ನು ವರ್ಗೀಕರಿಸುವ ಕ್ರಮವೊಂದನ್ನು ರೂಪಿಸಿದರು. ಹವ್ಯಾಸಿ ಶೋಧಕರಿಗೆ ಶಿಸ್ತಿನಂಥದ್ದೇನಾದರೂ ಬಂದಿದ್ದರೆ ಅದು ಅಲ್ಲಿಂದ.

ಕನ್ನಡದ ಓದುಗರಿಗೂ ಈ ವಿಷಯ ಹೊಸತಲ್ಲ. ಪೂರ್ಣಚಂದ್ರ ತೇಜಸ್ವಿಯವರು ಫ್ಲೈಯಿಂಗ್ ಸಾಸರ್‌ಗಳ ಕುರಿತು ಎರಡು ಭಾಗಗಳ ಪುಸ್ತಕವನ್ನೇ ಕೊಟ್ಟಿದ್ದಾರೆ. ಆದರೆ ಜಗತ್ತಿನ ತಟ್ಟೆ ಸಾಹಿತ್ಯಕ್ಕೆ ಕರ್ನಾಟಕದಿಂದ ಸಂದ ಅತಿ ದೊಡ್ಡ ಕಾಣಿಕೆ, ಅದನ್ನು ಕಾಣಿಕೆ ಎನ್ನಬಹುದಾದರೆ, ‘ವೈಮಾನಿಕ ಶಾಸ್ತ್ರ’. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಭರದ್ವಾಜ ಮಹರ್ಷಿಯದೆಂದು ಹೇಳಿ ಸಂಸ್ಕೃತ ಶ್ಲೋಕಗಳಲ್ಲಿ ಬರೆಯಿಸಿದ ಈ ಗ್ರಂಥ 1923ರ ಹೊತ್ತಿಗೆ ಮುಗಿದಿತ್ತು. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ವಿಮಾನಗಳ ಚಿತ್ರಗಳನ್ನು ಬೆಂಗಳೂರಿನಲ್ಲೇ ಬರೆಯಿಸಲಾಯಿತು. ಮೈಸೂರಿನ ಜಿ.ಆರ್. ಜೋಯ್ಸರ್ 1973ರಲ್ಲಿ ಅದನ್ನು ಇಂಗ್ಲಿಷಿಗೆ ತಂದರು. ಅದಾದ ಮೇಲೆ ಅನ್ಯಗ್ರಹ ಜೀವಿಗಳು ಪ್ರಾಚೀನ ಕಾಲದಲ್ಲಿ ಭೂಮಿಗೆ ಬಂದಿದ್ದರೆಂದು ಸಾರುವ ಪಾಶ್ಚಾತ್ಯ ಲೇಖಕರಿಗೆ ಇದೊಂದು ಅಕ್ಷಯಪಾತ್ರೆಯಾಯಿತು.

ಇದರ ಶಾಸ್ತ್ರೀಯ ಪರಿಶೀಲನೆ ನಡೆದುದೂ ಬೆಂಗಳೂರಿನಲ್ಲೇ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ನಾಲ್ವರು ಸಂಗಡಿಗರು ಗ್ರಂಥವನ್ನು ಅಪಹಾಸ್ಯ ಮಾಡಿ ಬದಿಗೆಸೆಯಲಿಲ್ಲ. ಅದು ಎಲ್ಲಿಂದ, ಯಾರ ಕೈಯಿಂದ ಬಂತೆಂದು ಹುಡುಕಿದರು. ಶ್ಲೋಕಗಳ ಭಾಷೆಯನ್ನು ನೋಡಿದರು. ಬಳಿಕ ಚಿತ್ರದಲ್ಲಿರುವ ವಿಮಾನಗಳು ಹಾರಬಲ್ಲವೇ ಎಂದು ವೈಮಾನಿಕ ತತ್ವಗಳ ಒರೆಗೆ ಹಚ್ಚಿದರು. ಗ್ರಂಥ 1904ಕ್ಕಿಂತ ಹಿಂದಿನದಲ್ಲ, ವರ್ಣಿತ ವಿಮಾನಗಳಾವುವೂ ಹಾರಲಾರವು ಎಂಬುದು ಅವರ ತೀರ್ಮಾನ. ಹಾಗಿದ್ದೂ 2015ರ ಜನವರಿಯಲ್ಲಿ ಮುಂಬಯಿಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಅದೇ ಗ್ರಂಥವನ್ನು ಆಧರಿಸಿದ ಪ್ರಬಂಧಕ್ಕೆ ವೇದಿಕೆ ದೊರೆಯಿತು. ನಲವತ್ತೊಂದು ವರ್ಷಗಳ ಹಿಂದಿನ ಆ ಪರಿಶೀಲನೆಯನ್ನು ಆಯೋಜಕರು ಒಮ್ಮೆ ಓದಿದ್ದರೆ ಸಾಕಿತ್ತು.

ಅದಿರಲಿ. ಕಾಗದದ ಮೇಲಿನ ವಿಮಾನವನ್ನು ನಿಧಾನವಾಗಿ ಪರೀಕ್ಷಿಸಬಹುದು. ಆಕಾಶದ ದೀಪಕ್ಕೆ ಅಷ್ಟು ವ್ಯವಧಾನವಿಲ್ಲ, ತಪ್ಪಿದರೆ ತೆರಬೇಕಾದ ಬೆಲೆಯೂ ಬೇರೆ. 2012ರ ಆಗಸ್ಟ್‌ನಿಂದ 2013ರ ಫೆಬ್ರವರಿವರೆಗೆ ಲಡಾಖ್ ಗಡಿಯಲ್ಲಿ ನಮ್ಮ ಯೋಧರು ಆಕಾಶದಲ್ಲಿ ಅಪರಿಚಿತ ವಸ್ತುಗಳನ್ನು 329 ಬಾರಿ ಕಂಡುದಾಗಿ ದಾಖಲಿಸಿದರು. ಅವು ಚೀನಾದ ಬೇಹುಗಾರಿಕೆ ಡ್ರೋನ್‌ಗಳಿರಬಹುದೆಂಬ ಗುಮಾನಿ. ಪ್ರಕರಣವನ್ನು ಬಿಡಿಸಿದ್ದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು. ಕಂಡ ಸಮಯವನ್ನೂ ಚಲನೆಯನ್ನೂ ತಾಳೆ ಹಾಕಿದಾಗ ಒಂದು ಗುರುಗ್ರಹ, ಇನ್ನೊಂದು ಬೆಳಗಿನ ಜಾವದ ಶುಕ್ರ ಎಂದು ತಿಳಿದುಬಂತು! ಎತ್ತರದ ತೆಳು ಗಾಳಿಯಲ್ಲಿ ಗ್ರಹಗಳು ಪ್ರಖರವಾಗಿ ಹೊಳೆಯುವುದರಿಂದ ಯೋಧರು ಮೋಸಹೋದುದರಲ್ಲಿ ಆಶ್ಚರ್ಯವಿಲ್ಲ. ಅವರನ್ನು ನೋಡಿ ನಕ್ಕವರು ಒಂದು ಅಂಶವನ್ನು ಗಮನಿಸಲಿಲ್ಲ. ಅವರು ಪ್ರತಿಯೊಂದನ್ನೂ ಬರೆದಿಟ್ಟಿದ್ದರಿಂದಲೇ ಉತ್ತರ ಸಿಕ್ಕಿತು. ಇಲ್ಲವಾದಲ್ಲಿ ಎರಡು ಸೇನೆಗಳ ನಡುವೆ ಆ ಗುಮಾನಿ ಹಾಗೆಯೇ ಉಳಿಯುತ್ತಿತ್ತು.

ಬೆಂಗಳೂರಿನದೇ ಉದಾಹರಣೆ ಬೇಕೆಂದರೆ 2020ರ ಮೇ 20. ಲಾಕ್‌ಡೌನ್‌ನ ಮೌನದ ನಡುವೆ ಮಧ್ಯಾಹ್ನ ಒಂದೂವರೆ ಗಂಟೆಯ ಹೊತ್ತಿಗೆ ನಗರದ ಉದ್ದಗಲಕ್ಕೂ ಭಾರಿ ಸದ್ದೊಂದು ಕೇಳಿಸಿತು, ಕಿಟಕಿಗಳು ಅದುರಿದವು. ಭೂಕಂಪ, ಉಲ್ಕೆ, ಅನ್ಯಗ್ರಹದವರ ಆಗಮನ ಎಂದೆಲ್ಲ ಮಾತು ಹಬ್ಬಿತು. ಭೂಕಂಪವಲ್ಲವೆಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೇಳಿತು. ಕೆಲವು ಗಂಟೆಗಳ ಬಳಿಕ ರಕ್ಷಣಾ ಇಲಾಖೆಯ ಸ್ಪಷ್ಟನೆ ಬಂತು: ವಾಯುಪಡೆಯ ವಿಮಾನವೊಂದು ನಗರದಿಂದ ದೂರದ ನಿಗದಿತ ವಾಯುಪ್ರದೇಶದಲ್ಲಿ ಶಬ್ದಾತೀತ ವೇಗದ ಪರೀಕ್ಷಾ ಹಾರಾಟ ನಡೆಸಿತ್ತು. ಆ ನಡುವಿನ ಗಂಟೆಗಳಲ್ಲಿ ವದಂತಿಗೆ ಎದುರು ನಿಲ್ಲುವ ಮಾಹಿತಿ ಯಾರ ಬಳಿಯೂ ಇರಲಿಲ್ಲ. ಇಂಫಾಲದಲ್ಲಿ 2023ರ ನವೆಂಬರ್ 19ರಂದು ಅಪರಿಚಿತ ವಸ್ತು ಕಂಡಿತೆಂದು ವಿಮಾನ ಸಂಚಾರವನ್ನೇ ಕೆಲವು ಗಂಟೆ ನಿಲ್ಲಿಸಬೇಕಾಯಿತು, ರಫೇಲ್‌ಗಳನ್ನು ಹುಡುಕಲು ಕಳಿಸಬೇಕಾಯಿತು. ಬೀದರ್ ಜಿಲ್ಲೆಯ ಜಲಸಂಗಿ ಗ್ರಾಮದಲ್ಲಿ 2025ರ ಜನವರಿಯಲ್ಲಿ ಬಿದ್ದ ದೈತ್ಯ ಬಲೂನು ಮಾತ್ರ ಬೇಗ ಗುರುತು ಸಿಕ್ಕಿ ಬಚಾವಾಯಿತು. ಅದು ಹೈದರಾಬಾದಿನಿಂದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಹಾರಿಬಿಟ್ಟ ಸಂಶೋಧನಾ ಬಲೂನು.

ಹಾಗಾದರೆ ಹವ್ಯಾಸಿ ಶೋಧಕ ಮಾಡಬಹುದಾದದ್ದೇನು? ಬಹಳಷ್ಟಿದೆ, ಖರ್ಚೂ ಇಲ್ಲ. ಕಂಡ ಗಳಿಗೆಯನ್ನು ನಿಮಿಷದ ಲೆಕ್ಕದಲ್ಲಿ ಬರೆಯಬೇಕು. ಯಾವ ದಿಕ್ಕು, ದಿಗಂತದಿಂದ ಎಷ್ಟು ಮೇಲೆ ಎಂಬುದು ಬೇಕು. ಚಾಚಿದ ಕೈಯ ಮುಷ್ಟಿಯ ಅಗಲ ಸುಮಾರು ಹತ್ತು ಡಿಗ್ರಿ, ಅಷ್ಟು ಅಳತೆ ಸಾಕು. ದೀಪ ನಿಜಕ್ಕೂ ಚಲಿಸಿತೇ ಎಂದು ತಿಳಿಯಲು ತೆಂಗಿನ ಮರದ ತುದಿಯನ್ನೋ ಮಾಳಿಗೆಯ ಅಂಚನ್ನೋ ಗುರುತಾಗಿಟ್ಟುಕೊಳ್ಳಬೇಕು. ಕತ್ತಲಲ್ಲಿ ಒಂಟಿ ಬಿಂದುವನ್ನೇ ದಿಟ್ಟಿಸಿದರೆ ನಿಂತ ದೀಪವೂ ಅಲುಗಿದಂತೆ ಕಾಣುವುದು ಕಣ್ಣಿನ ಗುಣ. ಮೊಬೈಲ್ ಕ್ಯಾಮೆರಾವನ್ನು ಹಿಗ್ಗಿಸಿ ತೆಗೆದ ಚಿತ್ರದಲ್ಲಿ ಕಾಣುವ ದುಂಡನೆಯ ‘ತಟ್ಟೆ’ ಅನೇಕ ವೇಳೆ ಫೋಕಸ್ ತಪ್ಪಿದ ಚುಕ್ಕಿಯಷ್ಟೆ. ನಿಂತ ಜಾಗವನ್ನೂ ಸರಿಯಾಗಿ ಬರೆಯಬೇಕು. ಬೆಂಗಳೂರಿನಲ್ಲಿ ಜೆ.ಪಿ. ನಗರದ ಕಡೆಗೂ ಒಂದು ಪುಟ್ಟೇನಹಳ್ಳಿಯಿದೆ. ಬರೀ ‘ಪುಟ್ಟೇನಹಳ್ಳಿಯಲ್ಲಿ ಕಂಡಿತು’ ಎಂಬ ವರದಿಯನ್ನಿಟ್ಟುಕೊಂಡು ವಿಮಾನಗಳ ಮಾರ್ಗವನ್ನು ತಾಳೆ ನೋಡುವಂತಿಲ್ಲ. ಇಷ್ಟಿದ್ದರೆ ಸ್ಟೆಲೇರಿಯಂ ತಂತ್ರಾಂಶದಿಂದ ಗ್ರಹಗಳನ್ನೂ ಫ್ಲೈಟ್‌ರಾಡಾರ್24ರಿಂದ ನಾಗರಿಕ ವಿಮಾನಗಳನ್ನೂ ಅರ್ಧ ಗಂಟೆಯಲ್ಲಿ ಪಟ್ಟಿಯಿಂದ ತೆಗೆದುಹಾಕಬಹುದು. ಸೇನಾ ವಿಮಾನಗಳು ಅಲ್ಲಿ ಎಲ್ಲ ವೇಳೆಯೂ ಕಾಣುವುದಿಲ್ಲ ಎಂಬುದು ಯಲಹಂಕದವರಿಗೆ ನೆನಪಿರಬೇಕು.

ಇಷ್ಟಾದ ಮೇಲೂ ಉಳಿಯುವ ಪ್ರಕರಣಗಳಿರುತ್ತವೆ. 2021ರ ಜೂನ್‌ನಲ್ಲಿ ಅಮೆರಿಕದ ಗುಪ್ತಚರ ಇಲಾಖೆ ಪರಿಶೀಲಿಸಿದ 144 ವರದಿಗಳಲ್ಲಿ ಖಚಿತ ಉತ್ತರ ಸಿಕ್ಕಿದ್ದು ಒಂದಕ್ಕೆ ಮಾತ್ರ. ಅದು ಗಾಳಿ ಹೋಗುತ್ತಿದ್ದ ಬಲೂನು. ಉಳಿದವಕ್ಕೆ ಉತ್ತರ ಸಿಗದಿರಲು ಮುಖ್ಯ ಕಾರಣ ಮಾಹಿತಿಯ ಕೊರತೆ. ಗೇಲಿಗೆ ಅಂಜಿ ಪೈಲಟ್‌ಗಳು ಕಂಡದ್ದನ್ನು ಹೇಳುವುದೇ ಇಲ್ಲ ಎಂಬುದನ್ನೂ ಆ ವರದಿ ಒಪ್ಪಿಕೊಂಡಿತ್ತು. 2024ರ ಮಾರ್ಚ್‌ನಲ್ಲಿ ಪೆಂಟಗನ್ ಪ್ರಕಟಿಸಿದ ಚಾರಿತ್ರಿಕ ಪರಿಶೀಲನೆ ಅನ್ಯಗ್ರಹ ಮೂಲಕ್ಕೆ ಯಾವ ಪುರಾವೆಯೂ ಸಿಕ್ಕಿಲ್ಲವೆಂದಿತು. ಇವೆರಡೂ ಪರಸ್ಪರ ವಿರುದ್ಧ ಮಾತುಗಳಲ್ಲ.

ಫ್ರಾನ್ಸಿನಲ್ಲಿ ಈ ಕೆಲಸವನ್ನು 1977ರಿಂದ ಅಲ್ಲಿನ ಬಾಹ್ಯಾಕಾಶ ಸಂಸ್ಥೆಯೇ ವಹಿಸಿಕೊಂಡಿದೆ. ಸಾಮಾನ್ಯ ನಾಗರಿಕ ಕೊಟ್ಟ ವರದಿಯನ್ನೂ ಪರಿಶೀಲಿಸಿ, ವಿವರಣೆ ಸಿಕ್ಕಿದ್ದು, ಸಿಗದ್ದು, ಮಾಹಿತಿ ಸಾಲದ್ದು ಎಂದು ಬೇರ್ಪಡಿಸಿ, 2007ರಿಂದ ಕಡತಗಳನ್ನು ಸಾರ್ವಜನಿಕರಿಗೆ ತೆರೆದಿಟ್ಟಿದೆ. ಇಸ್ರೋ ಕೇಂದ್ರ ಕಚೇರಿ, ಖಭೌತ ಸಂಸ್ಥೆ, ವಿಜ್ಞಾನ ಸಂಸ್ಥೆ ಮೂರೂ ಇರುವ ಬೆಂಗಳೂರಿನಲ್ಲಿ ಇಂಥದೊಂದು ಕಡತ ತೆರೆಯಲು ಹೊಸ ಕಟ್ಟಡ ಬೇಕಿಲ್ಲ. ವರದಿ ಸ್ವೀಕರಿಸಲು ಒಬ್ಬ ಅಧಿಕಾರಿ, ವಿಮಾನ ನಿಲ್ದಾಣ ಮತ್ತು ವಾಯುನೆಲೆಯೊಡನೆ ತಾಳೆ ನೋಡುವ ಏರ್ಪಾಡು, ತಿಂಗಳಿಗೊಮ್ಮೆ ಪ್ರಕಟಣೆ ಇದ್ದರೆ ಆದೀತು. ಗೋಪ್ಯವಾಗಿರಬೇಕಾದ ಹಾರಾಟಗಳಿದ್ದರೆ ‘ಇದು ನಮ್ಮದೇ’ ಎಂಬ ಒಂದು ಸಾಲು ಸಾಕು. 2020ರ ಮೇ ತಿಂಗಳಲ್ಲಿ ಅಷ್ಟನ್ನು ಹೇಳಿದ್ದರಿಂದ ದೇಶದ ಭದ್ರತೆಗೇನೂ ಧಕ್ಕೆಯಾಗಲಿಲ್ಲ.