ಗುರಿ ಒಳ್ಳೆಯದಾದರೆ ಸಾಕೇ?

ಪ್ರತಿ ವರ್ಷ ಸೆಪ್ಟೆಂಬರ್ 17ರಂದು ಕಲ್ಯಾಣ ಕರ್ನಾಟಕದ ಊರೂರುಗಳಲ್ಲಿ ರಾಷ್ಟ್ರಧ್ವಜ ಹಾರುತ್ತದೆ. 1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದರೂ, ಹೈದರಾಬಾದಿನ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದ ಹುಮನಾಬಾದ್, ಬಸವಕಲ್ಯಾಣ, ಘಾಟಬೋರಾಳಗಳ ಜನರು ಆ ಬೆಳಕನ್ನು ಕಾಣಲು ಇನ್ನೂ 13 ತಿಂಗಳು ಕಾಯಬೇಕಾಯಿತು. ಆ ದಿನವನ್ನು ಸಂತೋಷದಿಂದ ಸ್ಮರಿಸುವುದು ಯೋಗ್ಯವೇ. ಆದರೆ ಆ ಸಂತೋಷದ ನಡುವೆ ನಮ್ಮ ಮನಸ್ಸಾಕ್ಷಿಯನ್ನು ಕಾಡಬೇಕಾದ ಪ್ರಶ್ನೆಯೊಂದಿದೆ: ಗುರಿ ಒಳ್ಳೆಯದಾಗಿದ್ದರೆ ಅದನ್ನು ತಲುಪುವ ದಾರಿ ಎಂಥದ್ದಾದರೂ ಆದೀತೇ?

ಕಾಸಿಂ ರಜ್ವಿಯ ನಾಯಕತ್ವದ ರಜಾಕಾರರಿಗೂ ಒಂದು ಗುರಿಯಿತ್ತು. ಸಂಸ್ಥಾನದ ಸ್ವತಂತ್ರ ಅಸ್ತಿತ್ವವನ್ನೂ ತಮ್ಮ ಸಮುದಾಯದ ಹಿತವನ್ನೂ ಕಾಯುತ್ತಿದ್ದೇವೆಂದು ಅವರು ಹೇಳಿಕೊಂಡರು. ಆ ಹೆಸರಿನಲ್ಲಿಯೇ ಹಳ್ಳಿಗಳು ಸುಲಿಗೆಗೆ ಒಳಗಾದವು. 1948ರ ಮೇ ತಿಂಗಳಿನಲ್ಲಿ ಬಸವಕಲ್ಯಾಣ ಸೀಮೆಯ ಗೋರ್ಟಾ ಗ್ರಾಮದಲ್ಲಿ ಸುಮಾರು 200 ಮಂದಿ ಹತರಾದರೆಂದು ಹೇಳಲಾಗುತ್ತದೆ. ಅವರ ನೆನಪಿಗೆ ಅಲ್ಲಿ ನಿರ್ಮಿಸಿದ ಸ್ಮಾರಕವು 2023ರ ಮಾರ್ಚ್ 26ರಂದು ಉದ್ಘಾಟನೆಗೊಂಡಿತು.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರು ಶರಣಾದರು. ಕೊಲ್ಲುವ ಕೈಯನ್ನು ತಡೆಯಲು ನ್ಯಾಯಬದ್ಧ ಅಧಿಕಾರವು ಬಲವನ್ನು ಮಿತಿಯರಿತು ಬಳಸಬಹುದೆಂಬುದನ್ನು ಧರ್ಮಸಭೆಯೂ ಒಪ್ಪುತ್ತದೆ. ಆದರೆ ಅದರ ಬೆನ್ನಿಗೇ ನಡೆದುದು ಬೇರೆಯದೇ ಸಂಗತಿ. ರಜಾಕಾರರ ಕೃತ್ಯಗಳಿಗೆ ಪ್ರತೀಕಾರವೆಂದು, ಅವುಗಳಲ್ಲಿ ಯಾವ ಪಾಲೂ ಇಲ್ಲದ ಮುಸ್ಲಿಂ ನೆರೆಹೊರೆಯವರ ಮೇಲೆ ಜನ ಮುಗಿಬಿದ್ದರು. ಕೇಂದ್ರ ಸರ್ಕಾರ ಕಳುಹಿಸಿದ್ದ ಪಂಡಿತ್ ಸುಂದರಲಾಲ್ ನೇತೃತ್ವದ ಸಮಿತಿಯು ಆ ವರ್ಷದ ಕೊನೆಯಲ್ಲಿ ಸಂಸ್ಥಾನದಲ್ಲಿ ಸಂಚರಿಸಿ, 27,000ದಿಂದ 40,000 ಜನ ಸತ್ತಿರಬೇಕೆಂದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಬೀದರ್ ಮತ್ತು ಕಲಬುರಗಿ ಎರಡೂ ಇದ್ದವು. ಆ ವರದಿಯು ದಶಕಗಳ ಕಾಲ ಬೆಳಕು ಕಾಣದೆ ಉಳಿಯಿತು. ಅದನ್ನು ಮುಚ್ಚಿಡಲು ಮುಂದಿಟ್ಟ ಕಾರಣವೂ ಒಳ್ಳೆಯದೇ ಆಗಿದ್ದಿರಬಹುದು, ಶಾಂತಿ ಕದಡಬಾರದೆಂದು. ಆದರೆ ಹೇಳಲಾಗದ ದುಃಖ ಮನೆಗಳೊಳಗೆ ಹೆಪ್ಪುಗಟ್ಟಿತೇ ಹೊರತು ಮಾಯಲಿಲ್ಲ.

ರಜಾಕಾರರು ಕೊಂದದ್ದು ತಪ್ಪು, ಆದರೆ ನಾವು ಕೊಂದದ್ದು ನ್ಯಾಯ ಎಂಬ ಮಾತು ಎಷ್ಟು ಸುಲಭವಾಗಿ ನಾಲಿಗೆಗೆ ಬರುತ್ತದೆ! ಪ್ರಭು ಯೇಸುವಿನ ಮರಣವೂ ಇಂಥ ತರ್ಕದಿಂದಲೇ ನಿರ್ಧಾರವಾಯಿತೆಂಬುದನ್ನು ನಾವು ಮರೆಯಬಾರದು. ಇಡೀ ಜನಾಂಗ ಉಳಿಯಬೇಕಾದರೆ ಒಬ್ಬನು ಸಾಯುವುದು ಲೇಸೆಂದು ಪ್ರಧಾನ ಯಾಜಕ ಕಾಯಫನು ಲೆಕ್ಕ ಹಾಕಿದನು. ಆತನ ಗುರಿ ಜನರ ರಕ್ಷಣೆ. ಆತನ ದಾರಿ ನಿರಪರಾಧಿಯ ರಕ್ತ. ಒಳ್ಳೆಯದಾಗಲೆಂದು ಕೆಟ್ಟದ್ದನ್ನು ಮಾಡೋಣ ಎಂಬ ವಾದವನ್ನು ಸಂತ ಪೌಲರು ರೋಮನ್ನರಿಗೆ ಬರೆದ ಪತ್ರದ 3ನೇ ಅಧ್ಯಾಯದಲ್ಲಿ ಖಂಡಿಸಿದ್ದಾರೆ.

ಈ ಮಾತನ್ನು ಅನ್ಯರಿಗೆ ಹೇಳುವ ಮೊದಲು ನಾವೇ ಕೇಳಿಕೊಳ್ಳಬೇಕು. ಸತ್ಯದ ಸೇವೆಯ ಹೆಸರಿನಲ್ಲಿ ಧರ್ಮಸಭೆಯ ಮಕ್ಕಳು ಬಲಾತ್ಕಾರದ ಮಾರ್ಗ ಹಿಡಿದದ್ದುಂಟು. ಜಗದ್ಗುರು ಎರಡನೆಯ ಜಾನ್ ಪೌಲರು 2000ದ ಮಾರ್ಚ್ 12ರಂದು ಅದಕ್ಕಾಗಿ ದೇವರಲ್ಲಿ ಬಹಿರಂಗವಾಗಿ ಕ್ಷಮೆ ಬೇಡಿದರು. ಸತ್ಯವೆಂಬ ಗುರಿಯೇ ತಪ್ಪುದಾರಿಯನ್ನು ಶುದ್ಧಗೊಳಿಸಲಾರದೆಂದ ಮೇಲೆ, ಬೇರೆ ಯಾವ ಗುರಿ ಶುದ್ಧಗೊಳಿಸೀತು?

ಕಾಲ ಕೆಟ್ಟಾಗ ಒಳ್ಳೆಯ ದಾರಿ ಇರಲೇ ಇಲ್ಲವೆಂದು ಕೆಲವರು ವಾದಿಸುತ್ತಾರೆ. ಅದಕ್ಕೆ ಸುಂದರಲಾಲ್ ಸಮಿತಿಯ ವರದಿಯಲ್ಲಿಯೇ ಉತ್ತರವಿದೆ. ಪ್ರಾಣವನ್ನು ಪಣವಾಗಿಟ್ಟು ಮುಸ್ಲಿಂ ನೆರೆಯವರನ್ನು ಕಾಪಾಡಿದ ಹಿಂದೂಗಳಿದ್ದರೆಂದೂ, ಕೆಲವೆಡೆ ಹಿಂದೂ ನೇಕಾರರು ಮುಸ್ಲಿಂ ನೇಕಾರರ ರಕ್ಷಣೆಗೆ ನಿಂತು ತಮ್ಮ ಜೀವವನ್ನೇ ತೆತ್ತರೆಂದೂ ಅದು ದಾಖಲಿಸಿದೆ. ಅವರೂ ಅದೇ ನಿಜಾಮರ ಆಳ್ವಿಕೆಯನ್ನು ಕಂಡವರು, ಅದೇ ಸುದ್ದಿಗಳನ್ನು ಕೇಳಿದವರು. ಆದರೂ ತಮ್ಮ ಬಾಗಿಲು ತೆರೆದರು. ದಾರಿ ಇತ್ತು, ಅದು ಇಕ್ಕಟ್ಟಾಗಿತ್ತು, ಅಷ್ಟೇ.

ಸೆಪ್ಟೆಂಬರ್ 17ನ್ನು ಏನೆಂದು ಕರೆಯಬೇಕೆಂಬ ಚರ್ಚೆ ಇಂದಿಗೂ ನಿಂತಿಲ್ಲ. ಕರ್ನಾಟಕದಲ್ಲಿ 2019ರಿಂದ ಅದು ಕಲ್ಯಾಣ ಕರ್ನಾಟಕ ಉತ್ಸವ. ಕೇಂದ್ರ ಸರ್ಕಾರ 2024ರಲ್ಲಿ ಅದನ್ನು ಹೈದರಾಬಾದ್ ವಿಮೋಚನಾ ದಿನವೆಂದು ಘೋಷಿಸಿತು. ಹೆಸರು ಯಾವುದೇ ಇರಲಿ, ಗೋರ್ಟಾದ ಸತ್ತವರನ್ನು ಮಾತ್ರ ನೆನೆದು ಇತರರನ್ನು ಮರೆಯುವುದಾಗಲಿ, ಇತರರನ್ನು ನೆನೆದು ಗೋರ್ಟಾವನ್ನು ಮರೆಯುವುದಾಗಲಿ ಸ್ಮರಣೆಯಲ್ಲ. ಅರ್ಧ ನೆನಪು ಮುಂದಿನ ಸೇಡಿಗೆ ಬೀಜವಾಗುತ್ತದೆ.

ಈ ಪಾಠದ ಪ್ರಥಮ ಶಾಲೆ ಮನೆಯೇ. ಮಗನಿಗೆ ಕಾಲೇಜಿನಲ್ಲಿ ಸ್ಥಾನ ದೊರಕಲೆಂದು ಸುಳ್ಳು ಪ್ರಮಾಣಪತ್ರ, ಕೆಲಸ ಬೇಗನೆ ಆಗಲೆಂದು ಲಂಚ, ಸಂಘದ ಹಿತಕ್ಕೆಂದು ತಿದ್ದಿದ ಲೆಕ್ಕ: ಇವುಗಳನ್ನೆಲ್ಲ ಒಳ್ಳೆಯ ಉದ್ದೇಶಕ್ಕಾಗಿ ಎಂದು ನಾವು ಸಮರ್ಥಿಸುವಾಗ ಮಕ್ಕಳು ಕೇಳುತ್ತಿರುತ್ತಾರೆ. ಚಿಕ್ಕದರಲ್ಲಿ ಈ ತರ್ಕವನ್ನು ಕಲಿತವರು ದೊಡ್ಡದರಲ್ಲಿ ಅದನ್ನು ಬಿಟ್ಟಾರೆಂದು ಹೇಗೆ ನಂಬೋಣ? ಬರುವ ಸೆಪ್ಟೆಂಬರ್ 17ರಂದು ಧ್ವಜಕ್ಕೆ ವಂದಿಸಿ ಮನೆಗೆ ಬಂದ ಮೇಲೆ, ಸಂಜೆಯ ಪ್ರಾರ್ಥನೆಯಲ್ಲಿ ಎರಡೂ ಕಡೆಯ ಮೃತರನ್ನು ಸ್ಮರಿಸೋಣ; ಬಾಗಿಲು ತೆರೆದ ಆ ಅನಾಮಿಕ ನೇಕಾರರ ಕಥೆಯನ್ನು ನಮ್ಮ ಮಕ್ಕಳಿಗೆ ಹೇಳೋಣ.